ಉತ್ಪಾದನೆಯ ಶಿಸ್ತು, ಉಪಭೋಗದ ಸಮಾಜ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕನ್ನಡಿಗರ ನೆನಪಿನಲ್ಲಿ ಕನ್ನಂಬಾಡಿಯ ಕಟ್ಟೆಯೊಡನೆ ಬೆಸೆದುಕೊಂಡಿದೆ. ಅದು ಸಹಜವೇ ಆದರೂ ಅವರ ಬದುಕಿನ ಪೂರ್ಣ ಚಿತ್ರವಲ್ಲ. ಮಳೆಯನ್ನೇ ನೆಚ್ಚಿಕೊಂಡು, ಮಳೆ ತಪ್ಪಿದಾಗಲೆಲ್ಲ ಕ್ಷಾಮಕ್ಕೆ ತುತ್ತಾಗುತ್ತಿದ್ದ ಒಂದು ಕೃಷಿಕ ಸಮಾಜವನ್ನು ಕೈಗಾರಿಕೆಯ ಮೂಲಕ ಮಾರ್ಪಡಿಸಬೇಕೆಂಬುದು ಅವರು ಜೀವಮಾನವಿಡೀ ಹಿಡಿದು ಸಾಧಿಸಿದ ಗುರಿ. ಅವರು ಕಟ್ಟಿದ ಕಟ್ಟೆಗಳೂ ಕಾರ್ಖಾನೆಗಳೂ ಈ ಗುರಿಗೆ ಸಾಧನಗಳು ಮಾತ್ರ. ಇಂದು ಕೈಗಾರಿಕೀಕರಣ ನಡೆದಿದೆ. ಅದರ ಜೊತೆಯಲ್ಲೇ ಕೊಳ್ಳುಬಾಕ ಸಂಸ್ಕೃತಿಯೆಂದು ನಾವು ಕರೆಯುವುದೂ ಬೆಳೆದು ನಿಂತಿದೆ. ಈ ಎರಡನೆಯದು ಮೊದಲನೆಯದರ ಅನಿವಾರ್ಯ ಫಲವೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಿಶ್ವೇಶ್ವರಯ್ಯನವರ ಬದುಕನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ. ಹೊರನಾಡ ಕನ್ನಡಿಗರಿಗೆ ಈ ಪರಿಶೀಲನೆ ಇನ್ನಷ್ಟು ಹತ್ತಿರದ್ದು. ಏಕೆಂದರೆ ಅವರ ದುಡಿಮೆಯ ಮೊದಲ ಕಾಲು ಶತಮಾನ ಕಳೆದದ್ದು ಮುಂಬಯಿ ಪ್ರಾಂತದಲ್ಲಿ. ಅವರ ಆರ್ಥಿಕ ವಿಚಾರಗಳು ರೂಪುಗೊಂಡದ್ದು ಪುಣೆಯಲ್ಲಿ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಹಿಂದಿರುವ ಮೋಕ್ಷಗುಂಡಂ ಆಂಧ್ರದ ಊರು. ಪೂರ್ವಿಕರು ಅಲ್ಲಿಂದ ಮೈಸೂರು ಸೀಮೆಗೆ ವಲಸೆ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ವಿದ್ಯೆಯೊಂದೇ ಆಸರೆಯಾಯಿತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತನ್ನ ಓದಿನ ಖರ್ಚನ್ನು ತಾನೇ ಸಂಪಾದಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರಿಗೆ ಮೊದಲ ಸ್ಥಾನ ಲಭಿಸಿತು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಸಮಯವನ್ನೂ ಹಣವನ್ನೂ ಅಳೆದು ಬಳಸುವ ಅವರ ಅಭ್ಯಾಸದ ಹಿಂದೆ ಈ ಬಡತನದ ವರ್ಷಗಳ ನೆರಳಿದೆ ಎಂದು ಭಾವಿಸಲು ಅವಕಾಶವಿದೆ.

ಖಾನದೇಶ, ಸೂರತ್, ಸಿಂಧ್ ಪ್ರಾಂತದ ಸಕ್ಕರ್, ಕೊನೆಗೆ ಪುಣೆ ಹೀಗೆ ಅವರ ಸೇವೆ ಸಾಗಿತು. ಸಿಂಧೂ ನದಿಯ ದಡದಲ್ಲಿದ್ದ ಸಕ್ಕರ್ ಪಟ್ಟಣಕ್ಕೆ ಕೆಸರುಬೆರೆತ ನದಿಯ ನೀರನ್ನು ಸೋಸಿ ಒದಗಿಸುವ ಯೋಜನೆ 1895ರಲ್ಲಿ ಅವರ ಕೈಯಲ್ಲಿ ಮುಗಿಯಿತು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರ ವೇಳೆಗೆ ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ತಡೆದು ನಿಲ್ಲಿಸುವುದು, ಪ್ರವಾಹ ಬಂದಾಗ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುವುದು, ನೀರು ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವುದು ಆ ಏರ್ಪಾಡಿನ ಹೆಚ್ಚುಗಾರಿಕೆ. ಇರುವುದನ್ನೇ ಹೆಚ್ಚು ಚೆನ್ನಾಗಿ ಬಳಸುವ ಜಾಣ್ಮೆ ಅಲ್ಲಿ ಕಾಣುತ್ತದೆ.

ಇದೇ ಅವಧಿಯಲ್ಲಿ ಅವರು ದಖ್ಖನಿನ ಕಾಲುವೆಗಳಿಗೆ ರೂಪಿಸಿದ ಬ್ಲಾಕ್ ನೀರಾವರಿ ಪದ್ಧತಿ, ಬಾಗಿಲುಗಳಷ್ಟು ಪ್ರಸಿದ್ಧವಾಗದಿದ್ದರೂ, ಅವರ ವಿಚಾರದ ಒಳತಿರುಳನ್ನು ತಿಳಿಯಲು ಹೆಚ್ಚು ನೆರವಾಗುತ್ತದೆ. ಕಾಲುವೆಯ ನೀರು ಬಂದೊಡನೆ ರೈತರ ಒಲವು ಕಬ್ಬಿನ ಕಡೆಗೆ ಹರಿದಿತ್ತು. ಕಬ್ಬು ಹಣ ತರುವ ಬೆಳೆ. ವರ್ಷವಿಡೀ ನೀರು ಬೇಡುವ ಬೆಳೆ. ಕಾಲುವೆಯ ಮೇಲ್ಭಾಗದ ಕೆಲವರು ಹೇರಳವಾಗಿ ನೀರು ಬಳಸುತ್ತಿದ್ದರೆ ಕೆಳಭಾಗದವರ ಹೊಲಗಳು ಒಣಗುತ್ತಿದ್ದವು. ನೀರು ನಿಂತ ಕಡೆ ಮಣ್ಣು ಕೆಡುತ್ತಿತ್ತು. ನೀರಾವರಿಯ ನೆಲವನ್ನು ಪಾಲುಗಳಾಗಿ ವಿಂಗಡಿಸಿ, ಪ್ರತಿ ಪಾಲಿನ ಒಂದಂಶದಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆಗಳು, ಇವುಗಳನ್ನು ಸರದಿಯಂತೆ ಬದಲಿಸುತ್ತ ಹೋಗುವುದು ಈ ಪದ್ಧತಿಯ ಸಾರ. ಪ್ರಭಾವಶಾಲಿಗಳಾದ ಭೂಮಾಲೀಕರಿಂದ ಇದಕ್ಕೆ ವಿರೋಧ ಬಂತು. ಉತ್ಪಾದನೆಯನ್ನು ಹೆಚ್ಚಿಸಲು ಹೊರಟ ಇಂಜಿನಿಯರ್ ತನ್ನ ಮೊದಲ ಪ್ರಮುಖ ಸಾಮಾಜಿಕ ಪ್ರಯೋಗದಲ್ಲೇ ಬಯಕೆಗೊಂದು ಮಿತಿ ಹಾಕಬೇಕಾಯಿತೆಂಬ ಸಂಗತಿ ಗಮನಾರ್ಹ.

ಆ ಕಾಲದ ಪುಣೆ ಭಾರತೀಯ ಅರ್ಥಚಿಂತನೆಯ ತವರಾಗಿತ್ತು. ಮಹಾದೇವ ಗೋವಿಂದ ರಾನಡೆಯವರು ಭಾರತದ ಬಡತನಕ್ಕೆ ಕೈಗಾರಿಕೆಗಳ ಅಳಿವು ಪ್ರಮುಖ ಕಾರಣವೆಂದು ವಾದಿಸಿ, ಪಶ್ಚಿಮ ಭಾರತದ ಕೈಗಾರಿಕಾ ಸಂಘಟನೆಯ ಹಿಂದೆ ನಿಂತಿದ್ದರು. ರಾನಡೆ ಹಾಗೂ ಗೋಪಾಲಕೃಷ್ಣ ಗೋಖಲೆಯವರ ಪರಿಚಯ ವಿಶ್ವೇಶ್ವರಯ್ಯನವರ ಮೇಲೆ ಆಳವಾದ ಪ್ರಭಾವ ಬೀರಿತು. 1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ ಆ ವಿಚಾರಗಳಿಗೆ ಕಣ್ಣೆದುರಿನ ನಿದರ್ಶನ ಒದಗಿಸಿತು. ಕೆಲವೇ ದಶಕಗಳಲ್ಲಿ ಒಂದು ಏಷ್ಯಾದ ರಾಷ್ಟ್ರ ಸಾರ್ವತ್ರಿಕ ಶಿಕ್ಷಣ, ತಾಂತ್ರಿಕ ತರಬೇತಿ ಮತ್ತು ಸರ್ಕಾರದ ಪ್ರೋತ್ಸಾಹಗಳ ಬಲದಿಂದ ಕೈಗಾರಿಕಾ ಶಕ್ತಿಯಾಗಿ ಎದ್ದು ನಿಂತಿದ್ದನ್ನು ಅವರು ಕಂಡರು. ಶಿಕ್ಷಣ, ಕೈಗಾರಿಕೆ, ಯೋಜನೆ ಎಂಬ ಮೂರೂ ಒಂದೇ ಸರಪಳಿಯ ಕೊಂಡಿಗಳೆಂಬ ಅವರ ನಂಬಿಕೆ ಅಲ್ಲಿಂದ ಮುಂದೆ ಎಂದೂ ಸಡಿಲಲಿಲ್ಲ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯನ್ನು ಸ್ವಇಚ್ಛೆಯಿಂದ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರ ಹೈದರಾಬಾದ್ ನಗರವನ್ನು ಧ್ವಂಸ ಮಾಡಿತು. ಸಾವಿರಾರು ಜನ ಸತ್ತರು. ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಆಹ್ವಾನಿಸಿತು. ಮೂಸಿಗೂ ಅದರ ಉಪನದಿ ಈಸಿಗೂ ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕು ಎಂಬುದು ಅವರ ಸಲಹೆಯ ಮುಖ್ಯಾಂಶ. ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಈ ಸಲಹೆಯ ಫಲವಾಗಿ ಮೂಡಿದವು. ಅವು ನಗರವನ್ನು ರಕ್ಷಿಸಿದ್ದಲ್ಲದೆ ಅದರ ದಾಹವನ್ನೂ ತಣಿಸಿದವು.

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಕೇವಲ ಇಲಾಖೆಯ ಕಾಮಗಾರಿಗಳನ್ನು ನಡೆಸಿಕೊಂಡು ಹೋಗುವ ಹುದ್ದೆ ತಮಗೆ ಬೇಕಿಲ್ಲವೆಂಬುದನ್ನು ಮೊದಲೇ ತಿಳಿಸಿ, ಶಿಕ್ಷಣ ಮತ್ತು ಕೈಗಾರಿಕೆಗಳಿಗೆ ಸರ್ಕಾರ ಒತ್ತು ಕೊಡುವ ಭರವಸೆ ಪಡೆದೇ ಅವರು ಒಪ್ಪಿದ್ದು. 1911ರಲ್ಲಿ ಎರಡು ಕಾರ್ಯಗಳು ಆರಂಭವಾದವು. ಒಂದು, ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ. ಇನ್ನೊಂದು, ಮೈಸೂರು ಸಂಪದಭ್ಯುದಯ ಸಮಾಜ. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳ ಬಗ್ಗೆ ಅಧಿಕಾರಿಗಳೂ ಪ್ರಜೆಗಳೂ ಒಟ್ಟಾಗಿ ಚಿಂತಿಸುವ ವೇದಿಕೆ ಇದು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿಕೊಳ್ಳಲು ಪ್ರೇರಣೆ ಬಂದದ್ದು ಈ ಸಮಾಜದಿಂದಲೇ. ಆರ್ಥಿಕ ಅಭಿವೃದ್ಧಿಗಾಗಿ ಹುಟ್ಟಿದ ಸಂಸ್ಥೆಯೊಂದು ಭಾಷೆಯ ಸಂಸ್ಥೆಗೆ ಕಾರಣವಾದದ್ದು ವಿಚಿತ್ರವೆನಿಸಬಹುದು. ಜ್ಞಾನ ಜನರ ನುಡಿಯಲ್ಲಿ ಹರಡದೆ ದುಡಿಮೆಯ ರೀತಿ ಬದಲಾಗದು ಎಂಬ ತಿಳಿವಳಿಕೆ ಇದರ ಹಿಂದಿತ್ತು ಎಂಬುದನ್ನು ಮರೆಯಬಾರದು.

1912ರಿಂದ 1918ರವರೆಗೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. ಆ ಆರು ವರ್ಷಗಳ ಸಾಧನೆಯ ಪಟ್ಟಿ ದೀರ್ಘವಾದದ್ದು: 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯ ಮಂಡಲಿ, ಚರ್ಮ ಹದಮಾಡುವ ಕಾರ್ಖಾನೆ, ಗಂಧದ ಎಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ. ಇವುಗಳಲ್ಲಿ ಗಂಧದ ಕಥೆ ವಿಶೇಷವಾದ ಗಮನಕ್ಕೆ ಅರ್ಹ. ಅದುವರೆಗೆ ಮೈಸೂರಿನ ಗಂಧದ ಮರ ಕೊರಡುಗಳ ರೂಪದಲ್ಲಿ ಹರಾಜಾಗಿ ಯೂರೋಪನ್ನು ಸೇರುತ್ತಿತ್ತು. ಎಣ್ಣೆ ತೆಗೆದು ಲಾಭ ಪಡೆಯುವವರು ಅಲ್ಲಿನವರು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ಮಾರಾಟ ಕುಸಿಯಿತು. ಆಲ್‌ಫ್ರೆಡ್ ಚಾಟರ್‌ಟನ್‌ರ ಮೇಲ್ವಿಚಾರಣೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ, ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕೆಲಸ 1916ರಲ್ಲಿ ಶುರುವಾಯಿತು. ಸಂಕಟವೊಂದು ಉದ್ಯಮಕ್ಕೆ ದಾರಿ ತೋರಿಸಿತು. ಎಣ್ಣೆಯ ಹಿಂದೆ ಸಾಬೂನು ಬಂತು. ತರಬೇತಿಗಾಗಿ ಇಂಗ್ಲೆಂಡಿಗೆ ಹೋಗಿ ಬಂದ ಎಸ್.ಜಿ. ಶಾಸ್ತ್ರಿಗಳು ಅದನ್ನು ರೂಪಿಸಿದರು.

ಪೂಜೆಗೂ ಅಂತ್ಯಕ್ರಿಯೆಗೂ ಬಳಕೆಯಾಗುತ್ತಿದ್ದ, ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯಲ್ಪಡುತ್ತಿದ್ದ ಗಂಧ ಈಗ ಕಾಗದದ ಪೆಟ್ಟಿಗೆಯಲ್ಲಿ ಕುಳಿತು ಅಂಗಡಿಯ ಕಪಾಟನ್ನು ಸೇರಿತು. ಸೀಗೆ, ಕಡಲೆಹಿಟ್ಟುಗಳಲ್ಲಿ ಮೀಯುತ್ತಿದ್ದ ಮನೆಗಳಿಗೆ ಬೆಲೆ ತೆತ್ತು ಕೊಳ್ಳಬೇಕಾದ ಪದಾರ್ಥವೊಂದು ನಿತ್ಯದ ಅಗತ್ಯವಾಗಿ ಬಂದು ಸೇರಿತು. ದಿವಾನರ ದೃಷ್ಟಿಯಲ್ಲಿ ಈ ಸಾಬೂನು ಕಚ್ಚಾ ಸಾಮಗ್ರಿಯನ್ನು ಮಾರುವ ನಾಡು ಸಿದ್ಧವಸ್ತುವನ್ನು ಮಾರುವ ನಾಡಾಗುವುದರ ಗುರುತು. ಅದೇ ವಸ್ತು ಕೊಳ್ಳುವವನ ದೃಷ್ಟಿಯಲ್ಲಿ ಅಂತಸ್ತಿನ, ಅಭಿರುಚಿಯ ಗುರುತಾಗುತ್ತ ಹೋಯಿತು. ಉತ್ಪಾದಕನ ಅರ್ಥವೂ ಉಪಭೋಗಿಯ ಅರ್ಥವೂ ಒಂದೇ ವಸ್ತುವಿನಲ್ಲಿ ಬೇರೆಯಾಗುವ ಈ ಬಿಂದುವಿನಲ್ಲಿ ಆಧುನಿಕ ಸಮಾಜದ ಹುಟ್ಟನ್ನು ಗುರುತಿಸಬಹುದು.

ಈ ಪರಿವರ್ತನೆಗೆ ತೆತ್ತ ಬೆಲೆಯನ್ನೂ ಕಡೆಗಣಿಸಲಾಗದು. ಕಟ್ಟೆ ಏಳುತ್ತಿದ್ದಂತೆ ಹಳೆಯ ಕನ್ನಂಬಾಡಿ ಊರೂ ಅದರ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನಡಿ ಸೇರಿದವು. ಸುತ್ತಣ ಹಳ್ಳಿಗಳ ಜನ ನೆಲೆ ಬದಲಿಸಬೇಕಾಯಿತು. ಭದ್ರಾವತಿಯ ಕುಲುಮೆ 1923ರಲ್ಲಿ ಉರಿಯಲಾರಂಭಿಸಿದಾಗ ಅದಕ್ಕೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಉರಿಯಲು ಬೇಕಾದ ಇದ್ದಿಲು ಬಂದದ್ದು ಮಲೆನಾಡಿನ ಕಾಡುಗಳಿಂದ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸುವ ಸಾಹಸಕ್ಕೆ ಮರಗಳೇ ಇಂಧನವಾದವು. ಕಾಡನ್ನು ಸಂಸ್ಥಾನದ ಸಂಪನ್ಮೂಲವೆಂದು ಲೆಕ್ಕ ಹಾಕಿದ ಅಂದಿನ ಆಡಳಿತದ ಪುಸ್ತಕದಲ್ಲಿ ಈ ನಷ್ಟಕ್ಕೆ ಪ್ರತ್ಯೇಕವಾದ ಅಂಕಣವಿರಲಿಲ್ಲ.

ಇನ್ನೊಂದು ಪ್ರಶ್ನೆ ಸಾಮಾಜಿಕ ನ್ಯಾಯದ್ದು. ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯವನ್ನು ಕುರಿತು ವಿಚಾರಿಸಲು 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅರ್ಹತೆ ಮತ್ತು ದಕ್ಷತೆಗಳೇ ಆಯ್ಕೆಯ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ದಿವಾನಗಿರಿಯಿಂದ ಹೊರಬಂದರು. ಶಿಕ್ಷಣ ಸರ್ವರಿಗೂ ದೊರೆಯಬೇಕೆಂದು ದುಡಿದ ಅವರೇ, ಶತಮಾನಗಳಿಂದ ಆ ಶಿಕ್ಷಣದಿಂದ ದೂರ ಇರಿಸಲ್ಪಟ್ಟವರು ಓಟದ ಗೆರೆಯಿಂದ ಹಿಂದೆ ನಿಂತಿದ್ದಾರೆಂಬುದಕ್ಕೆ ತಕ್ಕ ತೂಕ ಕೊಡಲಿಲ್ಲವೆಂದೇ ಹೇಳಬೇಕಾಗುತ್ತದೆ. ದಕ್ಷತೆಯೆಂಬ ಅಳತೆಗೋಲು ತಾನೇ ಸಮಾಜದ ಏರುಪೇರುಗಳಿಂದ ರೂಪುಗೊಂಡಿರಬಹುದೆಂಬ ವಿಚಾರ ಅವರ ಚಿಂತನೆಯ ವ್ಯಾಪ್ತಿಯ ಹೊರಗೇ ಉಳಿಯಿತು.

ದಿವಾನಗಿರಿಯ ನಂತರದ ನಾಲ್ಕು ದಶಕಗಳಲ್ಲಿ ಅವರ ಕಾರ್ಯಕ್ಷೇತ್ರ ಅಖಿಲ ಭಾರತವಾಯಿತು. ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯ ಹೊಣೆಯನ್ನು 1923ರಿಂದ 1929ರವರೆಗೆ ಹೊತ್ತು ಅದನ್ನು ನೆಲೆ ನಿಲ್ಲಿಸಿದರು. ಆ ಸೇವೆಗೆ ಸಲ್ಲಬೇಕಾಗಿದ್ದ ಹಣ ಅವರ ಇಚ್ಛೆಯಂತೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ವೃತ್ತಿಶಿಕ್ಷಣ ಸಂಸ್ಥೆಗೆ ವಿನಿಯೋಗವಾಯಿತು. ಅದೇ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ. ಮುಂಬಯಿ ಸರ್ಕಾರದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. 1925ರಲ್ಲಿ ಭಾರತೀಯ ಆರ್ಥಿಕ ವಿಚಾರಣಾ ಸಮಿತಿಯ ಅಧ್ಯಕ್ಷರಾಗಿ, ಜನರ ಆದಾಯ, ಉತ್ಪಾದನೆ, ಬೆಲೆ, ಕೂಲಿಗಳ ಅಂಕಿಅಂಶಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಬೇಕಾದ ಅಗತ್ಯವನ್ನು ಪ್ರತಿಪಾದಿಸಿದರು. 1934ರಲ್ಲಿ ಪ್ರಕಟವಾದ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ, ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ನಕ್ಷೆಯನ್ನು ಮುಂದಿಟ್ಟಿತು. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು 1951ರಲ್ಲಿ ಎಂಬುದನ್ನು ನೆನೆದರೆ ಈ ಗ್ರಂಥದ ಮುನ್ನೋಟ ಮನವರಿಕೆಯಾಗುತ್ತದೆ.

ಅದೇ 1934ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದರು. ಒಂದೇ ವರ್ಷದಲ್ಲಿ ಎರಡು ದಾರಿಗಳು ದೇಶದ ಮುಂದೆ ತೆರೆದುಕೊಂಡವು. ಬಡತನವೇ ಇಬ್ಬರಿಗೂ ಎದುರಿದ್ದ ಸಮಸ್ಯೆ. ದೊಡ್ಡ ಯಂತ್ರ ಮನುಷ್ಯನ ಕೈಯಿಂದ ಕೆಲಸವನ್ನು ಕಸಿಯುತ್ತದೆ, ಬಯಕೆಗಳನ್ನು ಎಲ್ಲೆಮೀರಿ ಬೆಳೆಸುತ್ತದೆ ಎಂಬುದು ಒಬ್ಬರ ಆತಂಕ. ಯಂತ್ರವಿಲ್ಲದೆ ದುಡಿಮೆಯ ಫಲ ಹೆಚ್ಚದು, ಫಲ ಹೆಚ್ಚದೆ ಹಸಿವು ನೀಗದು ಎಂಬುದು ಇನ್ನೊಬ್ಬರ ಲೆಕ್ಕ. ಆದರೂ ಸ್ವಂತ ಬದುಕಿನಲ್ಲಿ ಇಬ್ಬರೂ ಮಿತವ್ಯಯಿಗಳು, ಗಡಿಯಾರಕ್ಕೆ ಬದ್ಧರಾದವರು, ಪೈಸೆಪೈಸೆಗೂ ಲೆಕ್ಕವಿಟ್ಟವರು. ಮಿತಿಯನ್ನು ಗಾಂಧೀಜಿ ಸಿದ್ಧಾಂತವಾಗಿ ಬೋಧಿಸಿದರು. ವಿಶ್ವೇಶ್ವರಯ್ಯನವರು ಅದನ್ನು ಸ್ವಭಾವವಾಗಿ ಬದುಕಿದರು. ಅದನ್ನು ಬೋಧಿಸಬೇಕಾದ ಅಗತ್ಯವೊಂದು ಬರಬಹುದೆಂದು ಅವರಿಗೆ ತೋರಿದಂತಿಲ್ಲ. ಹೊಟ್ಟೆಗಿಲ್ಲದ ಜನರ ನಡುವೆ ನಿಂತು, ಹೊಟ್ಟೆ ತುಂಬಿದ ಮೇಲೆ ಜನ ಏನನ್ನು ಬಯಸಿಯಾರೆಂದು ಕೇಳಲು ಅವರ ಕಾಲ ಆಸ್ಪದ ಕೊಡಲಿಲ್ಲ.

ಮೋಟಾರು ಕಾರಿನ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪ್ ಮತ್ತು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಆ ಪ್ರಯತ್ನದಲ್ಲಿ ಅವರೊಡನಿದ್ದ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನೂ, 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನೂ ಆರಂಭಿಸಿದರು. ವಿಶ್ವೇಶ್ವರಯ್ಯನವರ ಪಾಲಿಗೆ ಕಾರಿನ ಕಾರ್ಖಾನೆ ಒಂದು ದೊಡ್ಡ ಪಾಠಶಾಲೆ. ಉಕ್ಕು, ರಬ್ಬರು, ಗಾಜು, ವಿದ್ಯುತ್ ಉಪಕರಣ ಹೀಗೆ ಹತ್ತಾರು ಉದ್ಯಮಗಳು ಅದರ ಸುತ್ತ ಬೆಳೆಯುತ್ತವೆ, ಸಾವಿರಾರು ಕುಶಲ ಕೆಲಸಗಾರರು ಅಲ್ಲಿ ತಯಾರಾಗುತ್ತಾರೆ ಎಂಬುದು ಅವರ ನಿರೀಕ್ಷೆ. ಪ್ರೀಮಿಯರ್ ಕಂಪನಿಯ ಪದ್ಮಿನಿ ಕಾರು ದಶಕಗಳ ಕಾಲ ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾಯಿತು. ಅಷ್ಟರಲ್ಲಿ ಆ ನಗರದ ಬೀದಿಗಳು ನಿಲ್ಲಿಸಲು ಜಾಗವಿಲ್ಲದಷ್ಟು ಖಾಸಗಿ ಕಾರುಗಳಿಂದ ತುಂಬಿಹೋಗಿದ್ದವು. ಕಾರನ್ನು ಮಾಡುವ ವಿದ್ಯೆ ದೇಶಕ್ಕೆ ಬೇಕೆಂದು ಅವರು ಹಂಬಲಿಸಿದ್ದರು. ಕಾರನ್ನು ಹೊಂದುವ ಹಂಬಲ ದೇಶವನ್ನು ಆವರಿಸಿತು.

1941ರಲ್ಲಿ ಅವರು ಮುಂಬಯಿಯಲ್ಲಿ ಅಖಿಲ ಭಾರತ ಉತ್ಪಾದಕರ ಸಂಘವನ್ನು ಕಟ್ಟಿ ಬಹುಕಾಲ ಮುನ್ನಡೆಸಿದರು. ದೊಡ್ಡ ಉದ್ಯಮಗಳ ಜೊತೆಗೆ ಹಳ್ಳಿಗಳ ಗುಂಪುಗಳಲ್ಲಿ ಸಣ್ಣ ಕೈಗಾರಿಕೆಗಳನ್ನು ಹಬ್ಬಿಸುವ ಯೋಜನೆ ಅವರ ಕೊನೆಯ ವರ್ಷಗಳ ಮುಖ್ಯ ಆಸಕ್ತಿಯಾಗಿತ್ತು. ಗಂಗಾ ನದಿಗೆ ಬಿಹಾರದ ಮೊಕಾಮಾ ಬಳಿ ಸೇತುವೆ ಕಟ್ಟುವ ಪ್ರಶ್ನೆ ಬಂದಾಗ, ತೊಂಬತ್ತು ದಾಟಿದ್ದ ಅವರ ಸಲಹೆಯನ್ನು ಸರ್ಕಾರ ಕೋರಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳ ತುಂಬುಬಾಳನ್ನು ಮುಗಿಸಿ, ಬೆಂಗಳೂರಿನಲ್ಲಿ ಅವರು ನಿಧನರಾದರು. ಅಂತ್ಯಸಂಸ್ಕಾರ ನಡೆದದ್ದು ಮುದ್ದೇನಹಳ್ಳಿಯಲ್ಲಿ.

ಅವರ ನಂತರದ ಸಮಾಜ ಅವರನ್ನು ಮರೆತಿಲ್ಲ. ನಾಗಪುರದ ಇಂಜಿನಿಯರಿಂಗ್ ಕಾಲೇಜಿಗೆ, ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಅವರ ಹುಟ್ಟುಹಬ್ಬ ಇಂಜಿನಿಯರುಗಳ ದಿನವಾಗಿದೆ. ಸರ್ಕಾರಿ ಕೆಲಸಕ್ಕೆ ಒಂದು ದೀಪ, ಸ್ವಂತ ಕೆಲಸಕ್ಕೆ ಇನ್ನೊಂದು ದೀಪ ಎಂಬಂಥ ಕಥೆಗಳು ಬಾಯಿಂದ ಬಾಯಿಗೆ ಹರಿದಾಡುತ್ತಿವೆ. ಆದರೆ ಅವರು ಸ್ಥಾಪಿಸಿದ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿ ತನ್ನ ಹೆಸರನ್ನು ಕಳೆದುಕೊಂಡಿತು. ಅವರು ಮಿತಿ ಹಾಕಲು ಹೊರಟಿದ್ದ ಕಬ್ಬು ಇಂದಿಗೂ ಮಹಾರಾಷ್ಟ್ರದ ನೀರಾವರಿಯ ದೊಡ್ಡ ಪಾಲನ್ನು ಕುಡಿಯುತ್ತಿದೆ. ಕನ್ನಂಬಾಡಿಯ ನೀರಿನಿಂದ ಹಸಿರಾದ ಮಂಡ್ಯ ಸೀಮೆಯಲ್ಲೂ ಮಳೆ ಕೈಕೊಟ್ಟ ವರ್ಷ ನೀರಿನ ಹಂಚಿಕೆ ಉರಿಯುವ ಪ್ರಶ್ನೆಯಾಗುತ್ತದೆ. ಅವರ ಅಣೆಕಟ್ಟನ್ನು ಎಲ್ಲರೂ ಸ್ವೀಕರಿಸಿದರು, ಅವರ ಸರದಿಯ ಲೆಕ್ಕವನ್ನು ಹೆಚ್ಚು ಜನ ಸ್ವೀಕರಿಸಲಿಲ್ಲ.

ಕನ್ನಡದಲ್ಲಿ ಉದ್ಯಮಕ್ಕೆ ಬಳಕೆಯಾಗುವ ಕೈಗಾರಿಕೆ ಎಂಬ ಮಾತಿನೊಳಗೆ ಕೈ ಇದೆ. ಯಂತ್ರಗಳು ಬಂದ ಮೇಲೂ ಭಾಷೆ ಆ ಕೈಯನ್ನು ಬಿಟ್ಟುಕೊಟ್ಟಿಲ್ಲ. ಕೊಳ್ಳುಬಾಕ ಎಂಬ ಮಾತಾದರೋ ಹೊಟ್ಟೆಬಾಕ ಎಂಬ ಹಳೆಯ ನುಡಿಯ ಜಾಡಿನಲ್ಲಿ ಹುಟ್ಟಿದ್ದು; ಅದರೊಳಗೆ ತೃಪ್ತಿಯರಿಯದ ಹೊಟ್ಟೆಯಿದೆ. ವಿಶ್ವೇಶ್ವರಯ್ಯನವರ ಕೈಗಾರಿಕೀಕರಣ ಕೈಯನ್ನು ಬಲಪಡಿಸಲು ಹೊರಟಿತ್ತು: ಕಲಿತ ಕೈ, ಲೆಕ್ಕ ಬಲ್ಲ ಕೈ, ಹೊತ್ತಿಗೆ ಸರಿಯಾಗಿ ದುಡಿಯುವ ಕೈ. ಕೊಳ್ಳುಬಾಕತನ ಕೈಗಾರಿಕೀಕರಣದ ಅನಿವಾರ್ಯ ಫಲವೆಂದು ಅವರ ಬದುಕನ್ನು ಕಂಡವರು ಒಪ್ಪಲಾರರು. ಉತ್ಪಾದನೆಯ ಜೊತೆಗೆ ಹಂಚಿಕೆಯನ್ನೂ ಮಿತಿಯನ್ನೂ ಯೋಜಿಸದೆ ಹೋದಾಗ ಅದು ಬರುವ ಸಂಭವವಿದೆ ಎಂಬುದನ್ನು ಮಾತ್ರ ಅವರ ಸಾಧನೆಯೂ ಅವರ ಕೊರತೆಯೂ ಸೇರಿ ತೋರಿಸಿಕೊಡುತ್ತವೆ. ಪುಣೆಯ ಕಾಲುವೆಗಳ ಬದಿಯಲ್ಲಿ ನಿಂತು ಆ ಯುವ ಇಂಜಿನಿಯರ್ ಹಾಕಿದ ಲೆಕ್ಕದ ಹಾಳೆಗಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಷ್ಟೇ ಅಲ್ಲದೆ ಸಂಸ್ಕೃತಿಯ ಅಧ್ಯಯನಕಾರರೂ ತೆರೆದು ನೋಡಬೇಕಾದ ಕಾಲ ಇದು.